ಫೆಲ್ಟ್ ಟೋಪಿಯ ಲೈನಿಂಗ್ ಬಿಚ್ಚಿದ ದಿನ

ಆರು ವರ್ಷದ ಹಿಂದಿನ ಶ್ರಾವಣ. ಬೆಟಗೇರಿಯಲ್ಲಿ ನಾನು ದರ್ಜಿ ಅಂಗಡಿ ಇಟ್ಟು ಆಗ ಇಪ್ಪತ್ತೆಂಟು ವರ್ಷವಾಗಿತ್ತು. ನಮ್ಮದು ನೇಕಾರರ ಮನೆತನ. ಆದರೆ ಮಗ್ಗ ನನ್ನ ಕೈಗೆ ಹತ್ತಲಿಲ್ಲ, ಹೊಲಿಗೆ ಹತ್ತಿತು. ಅದರಲ್ಲೂ ಮದುವೆ ಮೆರವಣಿಗೆಯಲ್ಲಿ ಬಾರಿಸುವ ಬ್ಯಾಂಡ್ ಕಂಪನಿಗಳ ಡ್ರೆಸ್ಸು ನನ್ನ ಮುಖ್ಯ ಕೆಲಸ: ಕೆಂಪು ಕೋಟು, ಹೆಗಲ ಮೇಲೆ ಜರಿ, ತಲೆಗೆ ಕರಿ ಫೆಲ್ಟ್ ಟೋಪಿ.

ಫೆಲ್ಟ್ ಎಂದರೆ ನೇಯ್ದ ಬಟ್ಟೆಯಲ್ಲ, ಉಣ್ಣೆಯನ್ನು ಬಿಸಿ ಆವಿಯಲ್ಲಿ ಒತ್ತಿ ಗಟ್ಟಿ ಮಾಡಿದ್ದು. ಟೋಪಿಗಳು ಹುಬ್ಬಳ್ಳಿಯಿಂದ ಒಂದೇ ಅಳತೆಯಲ್ಲಿ ಬರುತ್ತಿದ್ದವು. ತಲೆಗಳು ಮಾತ್ರ ಒಂದೇ ಅಳತೆಯವಲ್ಲವಲ್ಲ. ಯಾರಿಗೆ ದೊಗಳೆಯಾಗುತ್ತದೋ ಅವರ ಟೋಪಿಗೆ ಒಳಗಿನ ಲೈನಿಂಗ್ ಬಟ್ಟೆಯ ಹಿಂದೆ ಒಂದೆರಡು ಪಟ್ಟಿ ಇಟ್ಟು ಹೊಲಿಯುತ್ತಿದ್ದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ನಮ್ಮ ಊರಿನ ಒಂದು ಬ್ಯಾಂಡಿಗೂ ಲಕ್ಷ್ಮೇಶ್ವರದ ಇನ್ನೊಂದಕ್ಕೂ ಸೇರಿ ಅಂಥ ಮೂವತ್ತು ಟೋಪಿ ಕೊಟ್ಟಿದ್ದೆ.

ಒಂದು ದಿನ ಬೆಳಿಗ್ಗೆ ಅಂಗಡಿಯ ಮುಂದೆ ಪೊಲೀಸ್ ಜೀಪು ನಿಂತಿತು. ನನ್ನ ಜನ್ಮದಲ್ಲಿ ನಾನು ಠಾಣೆಯ ಮೆಟ್ಟಿಲು ಹತ್ತಿದವನಲ್ಲ. ಬಂದ ಪೇದೆ ಹೇಳಿದ್ದು ಇಷ್ಟೆ: ಮುಂಡರಗಿ ಕಡೆ ಹೊಳೆದಂಡೆಯ ಮುಳ್ಳುಕಂಟಿಯಲ್ಲಿ ಒಂದು ಟೋಪಿ ಸಿಕ್ಕಿದೆ, ಕ್ಲಾರಿಯೊನೆಟ್ ನುಡಿಸುವ ಮಲ್ಲಪ್ಪ ಮೂರು ದಿನದಿಂದ ಕಾಣೆಯಾಗಿದ್ದಾನೆ. ಮಲ್ಲಪ್ಪ ಅಸುಂಡಿಯವನು, ಇಪ್ಪತ್ತು ವರ್ಷದ ಗೆಳೆಯ. ಅಂಗಡಿಗೆ ಬೀಗ ಹಾಕಿ ಜೀಪು ಹತ್ತಿದೆ.

ಠಾಣೆಯಲ್ಲಿ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಟೋಪಿ ಇಟ್ಟಿದ್ದರು. ನೀರು ಕುಡಿದು ಉಬ್ಬಿತ್ತು, ಸುತ್ತಲಿನ ರಿಬ್ಬನ್ ಕಿತ್ತುಹೋಗಿತ್ತು. ಗೋಡೆಯ ಬದಿಯ ಬೆಂಚಿನ ಮೇಲೆ ಮಲ್ಲಪ್ಪನ ಹೆಂಡತಿ ಕಮಲವ್ವ ಮತ್ತು ಅವಳ ಅತ್ತೆ ಕುಳಿತಿದ್ದರು. ಪಿಎಸ್‌ಐ ಒಬ್ಬ ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ.

"ಮಾಸ್ತರ, ಇದು ಮಲ್ಲಪ್ಪಂದ ಏನ್ರಿ?"

"ಹೊಲಿಗಿ ನಂದರಿ ಮೇಡಂ. ಆದ್ರ ಯಾರ ಟೊಪ್ಪಿಗಿ ಅಂತ ಹೊರಗಿಂದ ಹೇಳಾಕ ಬರೂದಿಲ್ಲ. ಲೈನಿಂಗ್ ಬಿಚ್ಚಿ ನೋಡಬೇಕು."

"ಬಿಚ್ಚಿದ್ರ ಏನಾಗ್ತೈತಿ?"

ಇದ್ದದ್ದನ್ನು ಹೇಳಿದೆ. ಇಷ್ಟು ನೆನೆದ ಫೆಲ್ಟನ್ನು ಆಕಾರದಲ್ಲಿ ಹಿಡಿದಿರುವುದೇ ಆ ಲೈನಿಂಗು. ಬಿಚ್ಚಿದರೆ ಟೋಪಿ ಕುಸಿಯುತ್ತದೆ, ಮತ್ತೆ ಮೊದಲಿನ ಹಾಗೆ ಕೂಡಿಸಲು ಆಗುವುದಿಲ್ಲ. ಲ್ಯಾಬಿಗೆ ಕಳಿಸಿದರೆ ಉತ್ತರ ಬರಲು ಎಷ್ಟು ದಿನವೋ ಗೊತ್ತಿಲ್ಲ ಎಂದರು ಮೇಡಂ. ಹೊಳೆ ತುಂಬಿ ಹರಿಯುತ್ತಿತ್ತು. ಠಾಣೆಯಲ್ಲಿರುವ ನಾಲ್ಕಾರು ಪೇದೆಗಳನ್ನು ಹುಡುಕಲು ನೀರಿಗೆ ಇಳಿಸಬೇಕೋ ಊರೂರಿಗೆ ಕಳಿಸಬೇಕೋ ಎಂಬುದು ಅವತ್ತೇ ತೀರ್ಮಾನವಾಗಬೇಕಿತ್ತು.

ಕಮಲವ್ವ ಎದ್ದು ಬಂದಳು.

"ಬಿಚ್ಚಬ್ಯಾಡ್ರಿ ಅಣ್ಣಾರ. ಬಿಚ್ಚದಿದ್ರ ಅದು ಯಾರದರ ಇರಬಹುದು."

ನಾನು ಮೇಡಂ ಕಡೆ ನೋಡಿದೆ. ಅವರು ಕಮಲವ್ವನಿಗೆ ಒಂದು ಲೋಟ ನೀರು ಕೊಟ್ಟು, "ನಿಮಗೋಸ್ಕರನ ಬಿಚ್ಚಬೇಕಾಗೇತ್ರಿ" ಎಂದರು. ಪಂಚನಾಮೆಗೆ ಇಬ್ಬರು ಸಾಕ್ಷಿದಾರರು ಬಂದು ನಿಂತರು. ಪಂಚನಾಮೆ ಎಂದರೆ ಅವರೆದುರು ಕಂಡದ್ದನ್ನು ಕಂಡ ಹಾಗೆ ಬರೆದು ಸಹಿ ಮಾಡಿಸುವ ಕಾಗದ. ಫೋಟೋ ತೆಗೆದರು. ನನ್ನ ಕೈಗೆ ಬ್ಲೇಡು ಬಂತು.

ಸಾವಿರಾರು ಹೊಲಿಗೆ ಬಿಚ್ಚಿದ ಕೈ ಅದು. ಅವತ್ತು ಮೊದಲನೇ ಟಾಕಿಗೇ ಬೆರಳು ಕೊಯ್ದುಕೊಂಡೆ. ಚಿಂದಿ ಸುತ್ತಿಕೊಂಡು ಮತ್ತೆ ಹಿಡಿದೆ. ಒಂದೊಂದು ಟಾಕು ಹರಿದಾಗಲೂ ಒಳಗೆ ಏನೂ ಇರದಿರಲಿ, ಬರಿದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ, ಏಕೆಂದರೆ ಮಲ್ಲಪ್ಪನದು ಸಣ್ಣ ತಲೆ. ಅವನ ಟೋಪಿಗೆ ಮೂರು ಪದರು ಇಟ್ಟಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅರ್ಧ ಸುತ್ತು ಬಿಚ್ಚುವಷ್ಟರಲ್ಲಿ ಫೆಲ್ಟು ಕೈಯಲ್ಲೇ ಜೋತುಬಿತ್ತು. ಲೈನಿಂಗ್ ಸರಿಸಿದೆ. ಮೂರು ಪದರಿನ ಕೆಂಪು ಪಟ್ಟಿ, ಇಳಕಲ್ ಸೀರೆಯ ದಡಿ.

"ನನ್ನ ಸೀರಿ. ಹರದದ್ದನ್ನ ನಾನ ಕೊಟ್ಟು ಕಳಸಿದ್ದೆ" ಎಂದಳು ಕಮಲವ್ವ.

"ಖಾತ್ರಿ ಏನ್ರಿ ಮಾಸ್ತರ, ಅವರ ಟೊಪ್ಪಿಗಿನ?" ಮೇಡಂ ಕೇಳಿದರು.

"ಮಲ್ಲಪ್ಪಂದರಿ" ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಹೋಗಿಬಿಟ್ಟಾನ್ರಿ ಮಲ್ಲಪ್ಪ" ಎಂದುಬಿಟ್ಟೆ.

ಅತ್ತೆ ಎದೆ ಬಡಿದುಕೊಂಡು ನೆಲಕ್ಕೆ ಬಿದ್ದಳು. ಮೇಡಂ ನನ್ನ ಕಡೆ ಒಮ್ಮೆ ನೋಡಿ, ಬರೆಯುವವನಿಗೆ ಮೊದಲಿನ ಮಾತನ್ನಷ್ಟೇ ಬರೆಯಲು ಹೇಳಿದರು. ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಅವತ್ತು ಸಂಜೆಯೇ ಅಸುಂಡಿಯಲ್ಲಿ ಹಿರಿಯ ಹೆಂಗಸರು ಕೂಡಿ ಕಮಲವ್ವನ ಬಳೆ ಒಡೆದರು. ಖಬರು ನನಗೆ ಮರುದಿನ ಮುಟ್ಟಿತು. ಎರಡು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹೊಳೆಯಲ್ಲಿ ಹೆಣ ಸಿಕ್ಕಿತೆಂಬ ಫೋನು ಬರುತ್ತದೆಂದು ಮೊಬೈಲ್ ಕಂಡರೇ ಅಂಜಿಕೆ.

ಮೂರನೇ ದಿನ ಮಧ್ಯಾಹ್ನ ಫೋನು ಬಂತು. ಮೇಡಂ ಅವರದೇ.

"ಮಾಸ್ತರ, ಮಲ್ಲಪ್ಪ ಸಿಕ್ಕಾರ್ರಿ. ಶಿರಹಟ್ಟಿಯೊಳಗ ಅದಾರ. ಜೀವಂತ."

ನಾನು ಹೊಲಿಗೆ ಯಂತ್ರ ಹಿಡಿದುಕೊಂಡು ಕುಳಿತುಬಿಟ್ಟೆ. ಹೊಳೆಯಲ್ಲಿ ಹುಡುಕಿಸುತ್ತಿದ್ದರೂ ಮೇಡಂ ಊರುಗಳಿಗೆ ಮಲ್ಲಪ್ಪನ ಫೋಟೋ ಕಳಿಸುವುದನ್ನು ಬಿಟ್ಟಿರಲಿಲ್ಲ. ಶಿರಹಟ್ಟಿಯ ಬಸ್ ನಿಲ್ದಾಣದ ಚಹಾದಂಗಡಿಯವನು ಗುರುತು ಹಿಡಿದಿದ್ದ.

ನಡೆದದ್ದು ಇಷ್ಟು. ಮಲ್ಲಪ್ಪನ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಕ್ಲಾರಿಯೊನೆಟ್ಟಿಗೆ ಹಲ್ಲಿನ ಆಸರೆ ಬೇಕು. ಅದನ್ನು ಯಾರಿಗೂ ಹೇಳದೆ ಮದುವೆಯೊಂದಕ್ಕೆ ಹೋಗಿದ್ದಾನೆ. ತುಂಬಿದ ಮೆರವಣಿಗೆಯಲ್ಲಿ ಸ್ವರ ಒಡೆದು ಬರೀ ಗಾಳಿ ಬಂದಿದೆ, ಜನ ನಕ್ಕಿದ್ದಾರೆ. ಅಲ್ಲಿಂದ ಹಾಗೇ ನಡೆದುಹೋಗಿ, ಸೇತುವೆಯ ಮೇಲೆ ನಿಂತು ಟೋಪಿಯನ್ನು ಹೊಳೆಗೆ ಎಸೆದಿದ್ದಾನೆ. ಮನೆಗೆ ಯಾವ ಮುಖ ಹೊತ್ತು ಹೋಗಲಿ ಎಂದು ಶಿರಹಟ್ಟಿಯ ಗೆಳೆಯನೊಬ್ಬನ ಹೊಲದ ಮನೆಯಲ್ಲಿ, ಫೋನು ಬಂದ್ ಮಾಡಿ ಕುಳಿತಿದ್ದಾನೆ.

ಮರುದಿನ ಅಸುಂಡಿಗೆ ಹೋದೆ. ಮಲ್ಲಪ್ಪ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಕಮಲವ್ವ ಚಹಾ ತಂದಳು. ಮಣಿಕಟ್ಟಿನ ಮೇಲೆ ಬಳೆಚೂರು ಗೀರಿದ ಗಾಯ ಇನ್ನೂ ಹಸಿಯಾಗಿತ್ತು. ಆಕೆಯ ಕಣ್ಣು ನೋಡಲಾರದೆ, "ತಪ್ಪಾತವ್ವ" ಎಂದೆ.

ಆಕೆ ಸಿಟ್ಟು ಮಾಡಲಿಲ್ಲ.

"ಆ ಮೇಡಂ ನಿಮಗ ಟೊಪ್ಪಿಗಿ ಯಾರದು ಅಂತ ಅಷ್ಟ ಕೇಳಿದ್ರಲ್ರಿ ಅಣ್ಣಾರ" ಎಂದಳು.

ನಾನು ಯಾಕೆ ಹಾಗೆಂದೆ ಎಂದು ಬಹಳ ದಿನ ಯೋಚಿಸಿದೆ. ಬೇರೇನೂ ಅಲ್ಲ, ಹೆದರಿಕೆ. ಏನಾಗಿದೆಯೋ ಎಂದು ಕಾಯುವುದಕ್ಕಿಂತ ಎಲ್ಲ ಮುಗಿಯಿತು ಎಂದುಬಿಡುವುದು ಆ ಗಳಿಗೆಯಲ್ಲಿ ನನಗೆ ಸುಲಭವಾಗಿತ್ತು. ನನ್ನ ಅಂಜಿಕೆ ಇಳಿಸಿಕೊಳ್ಳಲು ಆಡಿದ ಮಾತಿಗೆ ಇನ್ನೊಬ್ಬಳ ಬಳೆ ಒಡೆದವು.

ಆಮೇಲೆಯೂ ಎರಡು ಸಲ ಬಟ್ಟೆಯ ಗುರುತಿಗೆಂದು ನನ್ನನ್ನು ಠಾಣೆಗೆ ಕರೆದಿದ್ದಾರೆ. ಹೋಗುತ್ತೇನೆ. ಅಂಜಿಕೆ ಈಗಲೂ ಹೋಗಿಲ್ಲ. ಹೊಲಿಗೆ ನನ್ನದೋ ಅಲ್ಲವೋ ಅಷ್ಟು ಹೇಳುತ್ತೇನೆ. ಮುಂದೆ ಕೇಳಿದರೆ, "ಅದು ನನಗ ಗೊತ್ತಿಲ್ರಿ" ಎನ್ನುತ್ತೇನೆ. ಆ ಒಂದು ಮಾತು ಆಡುವುದನ್ನು ಕಲಿಯುವ ಹೊತ್ತಿಗೆ ನನಗೆ ಐವತ್ತೆರಡು ವರ್ಷವಾಗಿತ್ತು.