ಕಾನಡಿ ಅಳು

ನಮ್ಮವ್ವನಿಗೆ ಹೆಸರಿತ್ತು. ಅದನ್ನು ಹಿಡಿದು ಕರೆದವರನ್ನು ಮಾತ್ರ ನಾನು ಕಂಡಿಲ್ಲ. ಮಂಠಾಳದ ನಮ್ಮ ಮನೆಯಲ್ಲಿ ಅವಳು ‘ಮರಾಠಿ’. ಅಪ್ಪನ ತಾಯಿ ಒಳಗಿನಿಂದಲೇ ಕೂಗುತ್ತಿದ್ದಳು: “ಏ ಮರಾಠಿ, ಎಮ್ಮಿ ಬಿಚ್ಚಿಕೊಂಡದ, ಕಿವಿ ಕೇಳಾಂಗಿಲ್ಲೇನ?” ಹುಲಸೂರ ದಾಟಿ ಇನ್ನೊಂದಿಷ್ಟು ಎರೆಹೊಲ ದಾಟಿದರೆ ಅವ್ವನ ತವರು. ಅಲ್ಲಿ ಅವಳು ‘ಕಾನಡಿ’. ಮರಾಠಿಯವರು ಕನ್ನಡಕ್ಕೂ ಕನ್ನಡದವರಿಗೂ ಅನ್ನುವ ಮಾತು ಅದು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ‘ಆಯಿ’ ಅಂದರೆ ನಮ್ಮಲ್ಲಿ ಅಜ್ಜಿ, ಮರಾಠಿಯಲ್ಲಿ ತಾಯಿ. ನಾವು ಮಕ್ಕಳು ಅಪ್ಪನ ತಾಯಿಯನ್ನು ಆಯಿ ಅನ್ನುತ್ತಿದ್ದೆವು. ಕೇಳಿ ಕೇಳಿ ಅವ್ವನೂ ಅತ್ತೆಯನ್ನು ಆಯಿ ಅನ್ನತೊಡಗಿದಳು.

ತವರಿನಲ್ಲಿ ಕಾನಡಿ ಎಂಬ ಒಂದೇ ಮಾತು ಎಲ್ಲದಕ್ಕೂ ಸಾಲುತ್ತಿತ್ತು. ನಾವಾಡುವುದು ಕಾನಡಿ, ನಾವೂ ಕಾನಡಿ. ಕೂಸು ತೊದಲಿದರೆ ಕಾನಡಿ, ಕಚೇರಿಯವನು ಓದಿ ಹೇಳಿದ್ದು ತಲೆಗೆ ಹೋಗದಿದ್ದರೆ ಅದೂ ಕಾನಡಿ. ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಹೋದೆವು, ಅವರು ಮುಂಬಯಿ ರಾಜ್ಯಕ್ಕೆ ಹೋದರು. ಹೋದೆವು ಅಂದರೆ ಏನು ಮಣ್ಣು, ಎಲ್ಲರೂ ಕೂತಲ್ಲೇ ಕೂತಿದ್ದೆವು! ಆಮೇಲೆ ನಮ್ಮ ನೆಲಕ್ಕೂ ಅವರು ಕಾನಡಿ ಅಂದರು. ಅವ್ವನ ಅಕ್ಕ, ನಮ್ಮ ಮೌಶಿ, ಆ ತವರೂರಲ್ಲೇ ಮದುವೆಯಾಗಿ ಉಳಿದವಳು. ನಾವು ಬಾಗಿಲಿಗೆ ಬರುತ್ತಲೇ “ಆಲೀ ಕಾನಡೀ!” ಅನ್ನುತ್ತಿದ್ದಳು, ಬಂದಳು ಕಾನಡಿ ಅಂತ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವ್ವ ನಗುತ್ತಿದ್ದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ಆದರೂ ತವರಿನವರು ಒಂದು ಸಲವಾದರೂ ತನ್ನನ್ನು ‘ನಮ್ಮಾಕಿ’ ಅನ್ನಲಿ ಎಂದು ಅವಳಿಗೆ ಜೀವವೆಲ್ಲ ಆಸೆಯಿತ್ತು.

ನನ್ನನ್ನು ಹುಮನಾಬಾದಿಗೆ ಕೊಟ್ಟ ಮೇಲೆ, ಅವ್ವನ ತಾಯಿ ತೀರಿಕೊಂಡ ಸುದ್ದಿ ಬಂತು. ಅವ್ವನ ಜೊತೆ ನಾನೂ ಹೋದೆ. ಅಲ್ಲಿಯೂ ನಮ್ಮ ಕಡೆಯ ಹಾಗೆಯೇ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುತ್ತಾರೆ. ಹೊರಗಿನಿಂದ ಮಗಳು ಬಂದಳೆಂದರೆ ಉಳಿದವರು ದನಿ ತಗ್ಗಿಸಿ ಜಾಗ ಬಿಡಬೇಕು. ಬಿಟ್ಟರು. ಅವ್ವ ತಲೆಯ ಹತ್ತಿರ ಕೂತು, ಎದೆ ಬಡಿದುಕೊಂಡು ಬಾಯಿ ತೆಗೆದಳು.

“ಅವ್ವಾ, ನನ್ನ ಹಡದವ್ವಾ, ಇನ್ನ ಬಾಗಲದಾಗ ನಿಂತು ಹಾದಿ ನೋಡಾಕಿ ಯಾರ...”

ಅಪ್ಪಟ ಮಂಠಾಳದ ಕನ್ನಡ. ಅವಳಿಗೆ ಗೊತ್ತೇ ಆಗಲಿಲ್ಲ, ಅದನ್ನೇ ಮತ್ತೆ ಮತ್ತೆ ಹಾಡಿದಳು. ಮೌಶಿ ಪಕ್ಕದವಳಿಗೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿತು: “ಆಯಿಲಾ ಕಾನಡೀತ ರಡತೇ ಗ!” ಹೆತ್ತ ತಾಯಿಗೆ ಕಾನಡಿಯಲ್ಲಿ ಅಳ್ತಾಳಲ್ಲೇ ಎಂದು. ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ಅಳು ತಡೆಯುವುದಕ್ಕಲ್ಲ. ಅವ್ವ ಹಾಡನ್ನು ಅರ್ಧಕ್ಕೇ ನಿಲ್ಲಿಸಿದಳು. ಹೆಣ ಎತ್ತುವ ತನಕ ಮತ್ತೆ ಬಾಯಿ ಬಿಡಲಿಲ್ಲ, ಕಣ್ಣಲ್ಲಿ ನೀರೂ ಬರಲಿಲ್ಲ.

ತಿರುಗಿ ಬರುವಾಗ ಹುಲಸೂರಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಅವ್ವ ತಾನಾಗಿಯೇ ಹೇಳಿದಳು. “ಆಯಿ ಅನಬೇಕಂತನೇ ಬಾಯಿ ತಗದಿದ್ದೆ. ಆಯಿ ಅಂದ್ರ ನಿಮ್ಮಪ್ಪನ ಅವ್ವನ ಮಾರಿ ಕಣ್ಣಮುಂದ ಬಂತು. ಅದಕ್ಕ ಅವ್ವಾ ಅಂದೆ. ಮುಂದಿಂದು ತಾನ ಬಂತು.”

“ಹೋಗ್ಲಿ ಬಿಡವ್ವ,” ಅಂದೆ.

ಆಮೇಲೆ ಅವಳು ತವರಿಗೆ ಹೋಗಲಿಲ್ಲ. ಅವರೂ ಬಾ ಅನ್ನಲಿಲ್ಲ. ಮನೆಯಲ್ಲಿ ಯಾರಾದರೂ ‘ಮರಾಠಿ’ ಅಂದರೆ ಓಗೊಡುತ್ತಿದ್ದಳು, ಅಷ್ಟೇ. ಮೌಶಿಯ ಮೇಲೆ ನನಗೆ ಸಿಟ್ಟು ಇತ್ತು, ಅದು ಆರಲೂ ಇಲ್ಲ.

ಎಂಬತ್ತನೇ ಇಸವಿ ದಾಟಿದ ಮೇಲೆ ಅವ್ವನಿಗೆ ಬೇನೆಯಾಯಿತು. ದವಾಖಾನೆಗೆ ಹತ್ತಿರವೆಂದು ಹುಮನಾಬಾದಿನ ನಮ್ಮ ಮನೆಗೇ ಕರೆತಂದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಕೈ ಹಿಡಿದಳು.

“ನಾ ಹ್ವಾದ್ರ ಹಾಡ್ಯಾಡಿ ಅಳಬ್ಯಾಡ. ಸುಮ್ನ ಕೂಡು.”

“ಆತವ್ವ,” ಅಂದೆ.

ಅವ್ವ ಹೋದಳು. ನಾನು ತಲೆಯ ಹತ್ತಿರ ಸುಮ್ಮನೆ ಕೂತೆ. ಮಾತು ಕೊಟ್ಟಿದ್ದೆ ಅಂತಲ್ಲ, ಸುಳ್ಳು ಯಾಕೆ ಹೇಳಲಿ, ಅಳು ಬರಲೇ ಇಲ್ಲ. ಒಂದೇ ಮಗ್ಗುಲಲ್ಲಿ ಮಲಗಿದ ಕೈಗೆ ಜೋಮು ಹಿಡಿಯುತ್ತದಲ್ಲ, ಹಾಗಾಗಿತ್ತು. ಓಣಿಯ ಹೆಂಗಸರು ಮಾತಾಡಿಕೊಂಡರು: “ಏನ್ ಕಲ್ಲೆದಿರಿ ಇಕಿದು! ಹಡದಾಕಿ ಹೋಗ್ಯಾಳ, ಹನಿ ನೀರಿಲ್ಲ.” ಅದೂ ತಾಕಲಿಲ್ಲ.

ಬಸ್ಸಿನವರ ಕೈಯಲ್ಲಿ ಸುದ್ದಿ ಕಳಿಸಿದ್ದೆವು. ಹೊತ್ತು ಇಳಿಯುವ ಮುಂಚೆ ಮೌಶಿ ಬಂದಳು. ಸೊಂಟ ಬಗ್ಗಿತ್ತು, ಮೊಮ್ಮಗನ ಹೆಗಲು ಹಿಡಿದಿದ್ದಳು. ಈಗ ಯಾಕೆ ಬಂದಳೋ ಅಂದುಕೊಂಡೆ. ಅವ್ವನ ಕಾಲಿನ ಹತ್ತಿರ ಕುಸಿದು, “ಮಾಝೀ ಕಾನಡೀ ಗ... ಮಾಝೀ ಕಾನಡೀ...” ಎಂದಳು. ನನ್ನ ಕಾನಡಿ, ನನ್ನ ಕಾನಡಿ. ಇನ್ನಾದರೂ ಅವ್ವನ ಹೆಸರು ಬಂದೀತೆಂದು ಕಾದೆ. ಬರಲಿಲ್ಲ. ತಂಗಿಗೆ ಅವಳು ಇಟ್ಟುಕೊಂಡಿದ್ದ ಹೆಸರೇ ಅದು.

ಆಮೇಲೆ ಎದೆ ಬಡಿದುಕೊಂಡು ಬೇರೆ ಹಾಡು ಎತ್ತಿದಳು. ದನಿ ಮುರಿದಿತ್ತು, ಮಾತು ತಪ್ಪುತಪ್ಪಾಗಿತ್ತು.

“ಅವ್ವಾ, ನನ ಹಡದವ್ವಾ, ಬಾಗಲದಾಗ ನಿಂತ ಹಾದಿ ನೋಡಾಕಿ ಯಾರ...”

ಆ ದಿನ ಕೇಳಿದ್ದನ್ನು ಅವಳು ಇಷ್ಟು ವರ್ಷ ಇಟ್ಟುಕೊಂಡಿದ್ದಳು. ಹಡೆದವ್ವ ಅಂದರೇನೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

“ಅಯ್ಯ, ತಂಗಿಗಿ ಹಡದವ್ವ ಅಂತಾಳಲ್ಲೇ ಈ ಮರಾಠಿ!” ಎಂದಳು ನೆರೆಮನೆಯವಳು. ಸೆರಗು ಬಾಯಿಯತ್ತ ಹೋಗುತ್ತಿತ್ತು.

“ನಗಬ್ಯಾಡ್ರಿ,” ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು.

ತಲೆಯ ಹತ್ತಿರದಿಂದ ಎದ್ದು, ಮೌಶಿಯ ರಟ್ಟೆ ಹಿಡಿದು ಅಲ್ಲಿ ಕೂಡಿಸಿದೆ. “ಹಾಡು ಮೌಶಿ,” ಅಂದೆ. ಅವಳು ತಂಗಿಯ ಕೆನ್ನೆ ಸವರುತ್ತ ಮತ್ತೆ ಹಡದವ್ವಾ ಎಂದಳು. ನಾನು ಕಾಲಿನ ಹತ್ತಿರ ಹೋಗಿ ಕೂತೆ.