ದರ್ಜಿ ತಂದ ಇರುವೆಗಳ ಸೊಂಟ

ಆ ದರ್ಜಿ ಮೂವತ್ತು ವರ್ಷ ಬರೀ ಹೆಂಗಸರ ಬಟ್ಟೆ ಹೊಲಿದವರು. ರಕ್ತದೊತ್ತಡ ಏರಿದಾಗ ವೈದ್ಯರು, ಏನಾದರೊಂದು ಪ್ರಾಣಿ ಸಾಕಿಕೊಳ್ಳಿ, ಮನಸ್ಸು ಹಗುರಾಗುತ್ತದೆ ಎಂದರು. ನಾಯಿಗೆ ಹೆಂಡತಿ ಒಪ್ಪಲಿಲ್ಲ, ಬೆಕ್ಕಿನ ಕೂದಲಿಗೆ ದರ್ಜಿಯ ಮೂಗೇ ಒಪ್ಪಲಿಲ್ಲ. ಕೊನೆಗೆ ಬಣ್ಣದ ಮೀನು ಮಾರುವ ಅಂಗಡಿಯಿಂದ ಒಂದು ಗಾಜಿನ ಕೊಳವೆ ತಂದರು. ಒಳಗೆ ಒಂದು ರಾಣಿ ಇರುವೆ, ಅದರ ಮೂವತ್ತು ನಲವತ್ತು ಮಕ್ಕಳು.

"ದುಡ್ಡು ಕೊಟ್ಟು ಇರುವೆ ತಂದ್ರಾ?" ಎಂದರು ಹೆಂಡತಿ. "ಅಡುಗೆಮನೇಲಿ ಪುಕ್ಕಟೆ ಓಡಾಡ್ತಿದಾವಲ್ಲ."

"ಇವು ಬೇರೆ ಜಾತಿ ಕಣೇ."

"ಯಾವ ಜಾತಿ?"

ದರ್ಜಿ ಅಂಗಡಿಗೆ ಮರಳಿ ಹೋಗಿ ವಿಚಾರಿಸಿದರು. ಅಂಗಡಿಯವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ತಿನ್ನಿಸುವುದಾದರೂ ಏನನ್ನು? ಸಕ್ಕರೆ ನೀರಿಟ್ಟರೆ ಮೂಸಿ ನೋಡಿ ಹೊರಟುಹೋದವು.

ಇರುವೆಯ ಜಾತಿ ಗುರುತಿಸಲೆಂದು ಗ್ರಂಥಾಲಯದಿಂದ ತಂದ ಪುಸ್ತಕದಲ್ಲಿ ಮೊದಲ ಪ್ರಶ್ನೆಯೇ ಸೊಂಟದ್ದು: ಅಲ್ಲಿ ಗಂಟು ಒಂದೋ, ಎರಡೋ? ದರ್ಜಿಗೆ ಜೀವ ಬಂತು. ಸೊಂಟದ ವಿಷಯದಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಭೂತಗನ್ನಡಿ ಹಿಡಿದು ಕೂತರು. ಇರುವೆ ನಿಂತರೆ ತಾನೆ? "ಸ್ವಲ್ಪ ನೇರ ನಿಂತ್ಕೊಳ್ಳಮ್ಮ, ಉಸಿರು ಬಿಡು," ಎಂದು ಗಿರಾಕಿಗಳಿಗೆ ಹೇಳುವಂತೆಯೇ ಹೇಳಿದರು. ಚಳಿಗೆ ಇರುವೆ ಮಂಕಾಗುತ್ತದೆಂದು ಪುಸ್ತಕ ಹೇಳಿದ್ದರಿಂದ ಕೊಳವೆಯನ್ನು ಐದು ನಿಮಿಷ ಫ್ರಿಜ್ಜಿನಲ್ಲಿಟ್ಟರು. ಮೊಸರಿಗೆಂದು ಬಾಗಿಲು ತೆಗೆದ ಹೆಂಡತಿ ಎರಡು ದಿನ ಮಾತು ಬಿಟ್ಟರು. ಆದರೆ ಗಂಟು ಎರಡಿದ್ದದ್ದು ಖಚಿತವಾಯಿತು.

ಮುಂದಿನ ಪ್ರಶ್ನೆಗಳು ಅರ್ಥವಾಗದೆ, ಇರುವೆಯ ಚಿತ್ರ ಬರೆದು ಕಾಲೇಜಿನಲ್ಲಿ ಕೀಟಗಳ ಪಾಠ ಮಾಡುವ ಮೇಡಂಗೆ ಕಳಿಸಿದರು. ಗಿರಾಕಿಗಳ ಮೈಕಟ್ಟಿನ ಕೊರತೆಯನ್ನು ಹೊಲಿಗೆಯಲ್ಲಿ ಮುಚ್ಚಿ ರೂಢಿಯಾದ ಕೈ ಇರುವೆಗೂ ಅದೇ ಉಪಕಾರ ಮಾಡಿತ್ತು. ಮೇಡಂ ಉತ್ತರ ಬರೆದರು: "ಚಿತ್ರ ಚೆನ್ನಾಗಿದೆ. ಆದರೆ ಯಾವ ಇರುವೆಗೂ ಇಷ್ಟು ಒಳ್ಳೆಯ ಭುಜ ಇರುವುದಿಲ್ಲ. ಇರುವೆಯನ್ನೇ ತನ್ನಿ."

ಕೊಳವೆ ಅಲುಗದಂತೆ ಹಿಡಿದುಕೊಳ್ಳಲು ಹೆಂಡತಿಯೂ ಹೊರಟರು. ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿ, "ದಪ್ಪತಲೆ ಇರುವೆ. ಕಾಳು ತಿನ್ನೋ ಜಾತಿ," ಎಂದರು.

"ಕೆಲವಕ್ಕೆ ಮಾತ್ರ ತಲೆ ದೊಡ್ಡದಿದೆಯಲ್ಲ, ಅವು ಗಂಡಸರು ತಾನೆ?" ದರ್ಜಿ ಕೇಳಿದರು.

"ಇಲ್ಲ ಸಾರ್, ಎಲ್ಲ ಹೆಣ್ಣೇ. ಕಾಳು ಒಡೆಯೋ ಶಕ್ತಿ ಆ ತಲೇಲಿದೆ."

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಹೆಂಗಸರ ಅಳತೆ ತಗೊಂಡ್ರೂ ಗುರುತು ಸಿಗಲಿಲ್ವಾ ನಿಮಗೆ?"

ಮನೆಗೆ ಬಂದು ಹೆಂಡತಿಯೇ ನಾಲ್ಕು ಎಳ್ಳು ಆರಿಸಿ ಕೊಳವೆಗೆ ಹಾಕಿದರು. ದಪ್ಪತಲೆಯವಳೊಬ್ಬಳು ಬಂದು, ಒಂದನ್ನು ಹಿಡಿದು ತಿರುಗಿಸಿ, ಒಡೆದೇ ಬಿಟ್ಟಳು.

"ಬಾದಾಮಿ ಇಟ್ರೆ?" ಎಂದರು ಹೆಂಡತಿ, ಕಣ್ಣು ಕದಲಿಸದೆ.

ದರ್ಜಿ ಡಬ್ಬಿ ಹುಡುಕಲು ಎದ್ದರು.