ಪಕ್ಕದ ರೂಮಿನ ಗೆಳೆಯನಿಗೆ ಓದಿ ಹೇಳಿದ ಸಾಲು

ಮೊನ್ನೆ ಹಲಸೂರಿನಲ್ಲಿ ಮೆಟ್ರೋ ಹತ್ತಿದಾಗ ಪಕ್ಕದಲ್ಲಿ ಕೂತಿದ್ದ ಹುಡುಗಿ ಮೊಬೈಲಿನಲ್ಲಿ ಜಪಾನಿನ ಕಾರ್ಟೂನು, ಅನಿಮೆ, ನೋಡುತ್ತಿದ್ದಳು. ದೊಡ್ಡ ಕಣ್ಣಿನ ಶಾಲಾ ಮಕ್ಕಳು, ಕೆಳಗೆ ಇಂಗ್ಲಿಷ್ ಸಾಲುಗಳು. ಅವನ್ನು ನೋಡುತ್ತಿದ್ದಂತೆ ನನ್ನ ತುಟಿ ತಾನಾಗಿಯೇ ಕನ್ನಡದಲ್ಲಿ ಗುನುಗತೊಡಗಿತು... ಹತ್ತು ವರ್ಷದ ಹಿಂದೆ ಪಕ್ಕದ ರೂಮಿನ ಗೆಳೆಯನಿಗೆ ಹೇಳುತ್ತಿದ್ದ ಹಾಗೆ.

ಬೈಯಪ್ಪನಹಳ್ಳಿಯಲ್ಲಿ ನಮ್ಮದೂ ಅವನ ಮನೆಯವರದೂ ಒಂದೇ ಗೋಡೆಯ ಬಾಡಿಗೆ ರೂಮುಗಳು. ಅವನ ಅಪ್ಪ ಅಮ್ಮ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನಾವಿಬ್ಬರೂ ಹತ್ತನೇ ಕ್ಲಾಸು. ನಾನು ಇಂಗ್ಲಿಷ್ ಮೀಡಿಯಂ, ಅವನು ಸರ್ಕಾರಿ ಶಾಲೆ. ಸಂಜೆ ಮೆಟ್ಟಿಲ ಮೇಲೆ ಕೂತು ನನ್ನಮ್ಮನ ಫೋನಿನಲ್ಲಿ ಪ್ರೇಮಕಥೆಯ ಅನಿಮೆ ನೋಡುತ್ತಿದ್ದೆವು. ಸಾಲುಗಳು ಬೇಗ ಓಡುತ್ತವೆ, ಓದಲು ಆಗುವುದಿಲ್ಲ ಅನ್ನುತ್ತಿದ್ದ. ನಾನೇ ಕನ್ನಡದಲ್ಲಿ ಹೇಳಬೇಕಿತ್ತು. ಕಥೆಯ ಹುಡುಗಿ ಕೊನೆಗೂ ಬಾಯಿಬಿಟ್ಟು "ನೀನಂದ್ರೆ ನಂಗಿಷ್ಟ" ಅಂದಾಗ ಮಾತ್ರ ಅವನದು ಒಂದೇ ಮಾತು: "ತಿಳೀಲಿಲ್ಲ, ಇನ್ನೊಮ್ಮೆ ಹೇಳು." ಕಿವಿ ಕೇಳಲ್ವಾ ಎಂದು ಬೈದು ನಾನು ಇನ್ನೊಮ್ಮೆ ಹೇಳುತ್ತಿದ್ದೆ.

ಆ ವರ್ಷ ನನಗೆ ಟ್ಯೂಷನ್ನಿನ ಹುಡುಗನೊಬ್ಬನ ಮೇಲೆ ಮನಸ್ಸಾಗಿತ್ತು. ರಿಚರ್ಡ್ಸ್ ಟೌನಿನವನು, ಚೆನ್ನಾಗಿ ನಗಿಸುತ್ತಿದ್ದ. ಹುಟ್ಟುಹಬ್ಬಕ್ಕೆ ಅವನಿಗೊಂದು ಕಾರ್ಡು ಕೊಡಬೇಕೆಂದು ಆಸೆ. ನನ್ನ ಗೆಳೆಯನ ಕೈಯಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು. ಅವನನ್ನೇ ಪೀಡಿಸಿ ಬರೆಸಿದೆ. ಎರಡು ದಿನ ಕೂತು, ನನ್ನನ್ನೂ ಆ ಹುಡುಗನನ್ನೂ ಅನಿಮೆಯ ಜೋಡಿಯ ಹಾಗೆ ಬರೆದುಕೊಟ್ಟ. ನನ್ನ ಗಲ್ಲದ ಸಣ್ಣ ಮಚ್ಚೆಯನ್ನೂ ಬಿಟ್ಟಿರಲಿಲ್ಲ.

ಟ್ಯೂಷನ್ನಿನ ಹುಡುಗ ಕಾರ್ಡನ್ನು ಎಲ್ಲರಿಗೂ ತೋರಿಸಿ ನಕ್ಕ.

ಅಳುತ್ತಾ ಬಂದು ಮೆಟ್ಟಿಲ ಮೇಲೆ ಕೂತೆ. ಸಮಾಧಾನ ಮಾಡಲು ಬಂದ ಗೆಳೆಯನ ಮೇಲೆ ರೇಗಿದೆ. "ನಿಂಗೇನ್ ಗೊತ್ತು? ಯಾರನ್ನಾದ್ರೂ ಇಷ್ಟಪಟ್ಟಿದ್ದೀಯಾ ನೀನು?"

ಅವನು ನನ್ನ ಕೆಳಗಿನ ಮೆಟ್ಟಿಲ ಮೇಲೆ ಕೂತ. ಆಮೇಲೆ ಮೆಲ್ಲಗೆ ಹೇಳಿದ: "ಆ ಸಾಲು ನನಗ ಓದಾಕ ಬರ್ತಿತ್ತು. ನಿನ್ನ ಬಾಯಾಗ ಕೇಳಬೇಕಂತ ಸುಳ್ಳು ಹೇಳ್ತಿದ್ದೆ."

ಯಾವ ಸಾಲು ಎಂದು ಕೇಳಬೇಕಾಗಿರಲಿಲ್ಲ. ನನ್ನ ಅಳು ನಿಂತೇಹೋಯಿತು.

"ನಿನ್ನನ್ನ ನಾನು ಹಂಗೆ ನೋಡಿಲ್ಲ ಕಣೋ."

"ಗೊತ್ತದ. ಅದಕ್ಕ ಹೇಳಿದ್ದಿಲ್ಲ." ಎದ್ದು ನಿಂತು ಕೇಳಿದ, "ನಾಳೆ ಬರ್ತಿ ಹೌದಿಲ್ಲೊ, ನೋಡಾಕ?"

ಹೂಂ ಅಂದೆ. ಮರುದಿನ ಅವನು ಬಾಗಿಲು ತಟ್ಟಿದಾಗ, ತಲೆನೋವು ಎಂದು ಅಮ್ಮನ ಕೈಯಲ್ಲಿ ಹೇಳಿಸಿ ಒಳಗೆ ಕೂತೆ. ಅದರ ಮರುದಿನವೂ ಹಾಗೇ. ನಾಚಿಕೆಯೋ, ಭಯವೋ... ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಮೂರನೆಯ ದಿನ ಅವನು ತಟ್ಟಲಿಲ್ಲ. ಪರೀಕ್ಷೆ ಮುಗಿದು ನಾನು ಅಜ್ಜಿಯ ಮನೆಗೆ ಹೋಗಿದ್ದಾಗ ಅವರು ರೂಮು ಖಾಲಿ ಮಾಡಿದರು. ಕೆ.ಆರ್. ಪುರದ ಆಚೆ ಯಾವುದೋ ಹೊಸ ಕಟ್ಟಡದ ಕೆಲಸವಂತೆ. ಎಲ್ಲಿ ಎಂದು ಓನರ್‌ಗೂ ತಿಳಿದಿರಲಿಲ್ಲ.

ಈಗ ನಾನು ದಿನಾ ಆ ಕಡೆಗೇ ಕೆಲಸಕ್ಕೆ ಹೋಗಿಬರುತ್ತೇನೆ. ಎದುರಾದರೂ ಗುರುತು ಸಿಗುತ್ತದೋ ಇಲ್ಲವೋ. ಅವನನ್ನು ಪ್ರೀತಿಸಲಿಲ್ಲವೆಂದು ನನಗೆ ಪಶ್ಚಾತ್ತಾಪವಿಲ್ಲ. ಅದು ಬಾ ಅಂದರೆ ಬರುವಂಥದ್ದಲ್ಲ. ಅವನು ಅದನ್ನು ಕೇಳಿಯೂ ಇರಲಿಲ್ಲ. ನಾಳೆ ಬರುತ್ತೀಯಾ ಎಂದಷ್ಟೇ ಕೇಳಿದ್ದ. ಅಂಥ ಗೆಳೆಯ ನನಗೆ ಮತ್ತೆ ಸಿಗಲಿಲ್ಲ... ಹೋಗಬಹುದಿತ್ತು.